ಡೀಸೆಲ್ ಕುಡಿದ ಮಣ್ಣಿಗೆ ಯಾವ ದಾರಿ? ಟ್ರಿಪ್ ಎಣಿಸಿ, ತೇವ ಅಳೆಯಿರಿ

ಕಲಬುರಗಿ ರಿಂಗ್ ರೋಡ್ ಬದಿಯ ಒಂದು ಪ್ಲಾಟು. ಹಿಂದೆ ಅಲ್ಲಿ ಲಾರಿ ಗ್ಯಾರೇಜ್ ಇತ್ತು, ನೆಲದಡಿ ಡೀಸೆಲ್ ಟ್ಯಾಂಕ್ ಇತ್ತು. ಟ್ಯಾಂಕ್ ಎಷ್ಟು ವರ್ಷದಿಂದ ಸೋರುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಜೆಸಿಬಿ ಒಂದು ಬಕೆಟ್ ಎತ್ತಿ ಸುರಿಯಿತು, ಎರೆಮಣ್ಣಿನ ಒಂದು ಹೆಂಟೆ ಒಡೆದು ನೋಡಿದೆ. ಒಳಗೆಲ್ಲ ಜಿಡ್ಡು, ಹಳೇ ಡೀಸೆಲ್ ವಾಸನೆ, ಕೈಗೆ ಅಂಟಿದ್ದು ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ. ಮಾಲೀಕರು ಕೇಳಿದ್ದು ಒಂದೇ ಮಾತು: "ಇದನ್ನ ಎತ್ತಿ ಬ್ಯಾರೆ ಕಡೆ ಒಗದ್ರ ಮುಗೀತಲ್ರಿ ಸರ್?"

ಮುಗಿಯುವುದಿಲ್ಲ. ಪ್ಲಾಟು ಕೊಳ್ಳಲು ಬಂದವರ ಫಾರ್ಮಿನಲ್ಲಿ ಇನ್ನೊಂದು ಕಾಲಂ ಇತ್ತು: ಈ ಮಣ್ಣು ಸ್ವಚ್ಛ ಮಾಡುವಾಗ ಎಷ್ಟು ಹಸಿರುಮನೆ ಅನಿಲ ಬರುತ್ತದೆ? ಇಂಥ ಪ್ರಶ್ನೆ ನಮ್ಮ ಕಡೆ ಈಗೀಗ ಬರುತ್ತಿದೆ. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು, ಇಲ್ಲಿನ ಕಪನೂರು, ಎಲ್ಲ ಕಡೆ ಕೈಗಾರಿಕಾ ಪ್ಲಾಟುಗಳು ಕೈ ಬದಲಾಗುತ್ತಲೇ ಇರುತ್ತವೆ. ಕಲುಷಿತ ಜಾಗಗಳ ನಿರ್ವಹಣೆಗೆ ಅಂತಲೇ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ಕೂಡ ತಂದಿದೆ. ಹಾಗಾಗಿ ಈ ಲೆಕ್ಕ ಹೇಗೆ ಹಾಕುವುದು, ಯಾವ ದಾರಿಗೆ ಎಷ್ಟು ಬರುತ್ತದೆ ಅಂತ ಇದೇ ಪ್ಲಾಟನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಸಾಕು.

ಮುಂದೆ "ಹೊಗೆ" ಅಂತ ಬರೆದ ಕಡೆಯೆಲ್ಲ ಕಾರ್ಬನ್ ಡೈ ಆಕ್ಸೈಡ್ ಲೆಕ್ಕ ಅಂತ ತಿಳಿಯಿರಿ, ಟನ್‌ನಲ್ಲಿ. ಬೇರೆ ಅನಿಲ ಇದ್ದರೆ ಅದನ್ನೂ ಅದಕ್ಕೇ ಹೊಂದಿಸಿದ್ದೇನೆ. ಇಲ್ಲೇ ಒಂದು ಎಚ್ಚರಿಕೆ. ಕೆಲವು ವರದಿಗಳಲ್ಲಿ ಬರೀ "ಕಾರ್ಬನ್" ಅಂತ ಇರುತ್ತದೆ. ಕಾರ್ಬನ್ ಬೇರೆ, ಕಾರ್ಬನ್ ಡೈ ಆಕ್ಸೈಡ್ ಬೇರೆ. ಎರಡರ ನಡುವೆ 3.67 ಪಟ್ಟು ವ್ಯತ್ಯಾಸ. ಇಬ್ಬರ ವರದಿ ಪಕ್ಕ ಪಕ್ಕ ಇಟ್ಟು ನೋಡುವಾಗ ಮೊದಲು ಇದನ್ನು ಕೇಳಿ.

ಹೋಲಿಸುವ ಮೊದಲು

ಒಂದೇ ಮಟ್ಟಕ್ಕೆ ಸ್ವಚ್ಛ ಮಾಡುವ ದಾರಿಗಳನ್ನು ಮಾತ್ರ ಹೋಲಿಸಿ. ಮೇಲೆ ಒಂದಡಿ ಮುರುಮ್ ಹಾಕಿ ಮುಚ್ಚಿಬಿಟ್ಟರೆ ಹೊಗೆ ಬಹಳ ಕಮ್ಮಿ, ನಿಜ. ಆದರೆ ಎಣ್ಣೆ ಅಲ್ಲೇ ಇದೆ, ಮುಂದಿನ ಮಳೆಗೆ ಪಕ್ಕದವರ ಬೋರ್‌ವೆಲ್ ಕಡೆ ಹೊರಡುತ್ತದೆ. ಅದನ್ನು "ಕಮ್ಮಿ ಹೊಗೆಯ ದಾರಿ" ಅಂತ ಕರೆದರೆ ಅದು ಮೋಸ. ಜನರ ಆರೋಗ್ಯ, ನೀರು ಮೊದಲು. ಆ ಪರೀಕ್ಷೆ ಪಾಸಾದ ದಾರಿಗಳ ನಡುವೆ ಮಾತ್ರ ಹೊಗೆಯ ಪೈಪೋಟಿ.

ನಮ್ಮ ಪ್ಲಾಟಿನ ಅಂದಾಜು ಹೀಗೆ: 20 ಮೀಟರ್ ಉದ್ದ, 15 ಮೀಟರ್ ಅಗಲ, 2 ಮೀಟರ್ ಆಳ. ಅಂದರೆ 600 ಘನ ಮೀಟರ್, ತೂಕ ಸರಿಸುಮಾರು 1,000 ಟನ್. ಮಣ್ಣಿನಲ್ಲಿ ಅರ್ಧ ಪರ್ಸೆಂಟ್ ಡೀಸೆಲ್, ಅಂದರೆ ಒಟ್ಟು 5 ಟನ್. ತೇವ 20 ಪರ್ಸೆಂಟ್.

ಈ ತೇವದ ಅಂಕಿ ಎಲ್ಲಿಂದ ಬಂತು ಅಂತ ಹೇಳಲೇಬೇಕು, ಮುಂದೆ ಆಟ ಆಡಿಸುವುದೇ ಇದು. ಮೇ ತಿಂಗಳಲ್ಲಿ ನಮ್ಮ ಎರೆ ಹೊಲ ಮೇಲಿಂದ ನೋಡಿದರೆ ಅಂಗೈ ಹೋಗುವಷ್ಟು ಬಿರುಕು, ಪೂರ್ತಿ ಒಣಗಿದೆ ಅನಿಸುತ್ತದೆ. ಒಂದೂವರೆ ಮೀಟರ್ ಕೆಳಗೆ ಹೋಗಿ ನೋಡಿ, ಮಣ್ಣು ಇನ್ನೂ ಉಂಡೆ ಕಟ್ಟುತ್ತದೆ. ಅಲ್ಲಿಂದ 500 ಗ್ರಾಂ ತೂಗಿ, ತಗಡಿನ ಮೇಲೆ ತೆಳ್ಳಗೆ ಹರವಿ ಬಿಸಿಲಿಗಿಟ್ಟು, ಸಂಜೆ ಮತ್ತೆ ತೂಗಿದಾಗ 400 ಗ್ರಾಂ ಚಿಲ್ಲರೆ ಬಂತು. ಇಳಿದದ್ದು ಹೆಚ್ಚೂಕಮ್ಮಿ ನೀರು. ಖಾತ್ರಿಗೆ ಲ್ಯಾಬಿಗೆ ಕಳಿಸಿ. ಆದರೆ ಈ ಕೆಲಸ ಮನೆಯ ಹಂಚಿನ ಮೇಲೆ ಮಾತ್ರ ಮಾಡಬೇಡಿ, ಆಮೇಲೆ ರೊಟ್ಟಿಗೂ ಡೀಸೆಲ್ ವಾಸನೆ.

ಬೇಕಾಗುವ ಅಂಕಿಗಳು ನಾಲ್ಕೈದೇ. ಒಂದು ಲೀಟರ್ ಡೀಸೆಲ್ ಉರಿದರೆ 2.68 ಕಿಲೋ ಹೊಗೆ. ಬಾವಿಯಿಂದ ಬಂಕ್ ತನಕ ಆಗುವುದನ್ನೂ ಸೇರಿಸಿದರೆ ಇನ್ನೂ ಐದನೇ ಒಂದು ಭಾಗದಷ್ಟು ಜಾಸ್ತಿ, ಸೇರಿಸುವುದಾದರೆ ಎಲ್ಲ ದಾರಿಗೂ ಸೇರಿಸಿ, ನಾನಿಲ್ಲಿ ಬಿಟ್ಟಿದ್ದೇನೆ. ಕರೆಂಟ್ ಒಂದು ಯೂನಿಟ್‌ಗೆ ಸುಮಾರು 0.72 ಕಿಲೋ, ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಹೊಸ ಅಂಕಿ ಹಾಕುತ್ತದೆ. ಕಲ್ಲಿದ್ದಲಿನಿಂದ ಒಂದು ಗಿಗಾಜೂಲ್ (ಶಾಖದ ಅಳತೆ, ಸಾವಿರ ಮೆಗಾಜೂಲ್) ಶಾಖಕ್ಕೆ ಸುಮಾರು 95 ಕಿಲೋ. ಅಮೆರಿಕದಲ್ಲಿ ಇದಕ್ಕೆಂದೇ ಮಾಡಿದ ಸೈಟ್‌ವೈಸ್, ಸೆಫಾ ಎಂಬ ಸ್ಪ್ರೆಡ್‌ಶೀಟ್‌ಗಳಿವೆ, ಚೆನ್ನಾಗಿವೆ. ಆದರೆ ಅವುಗಳೊಳಗೆ ಕೂತಿರುವುದು ಅಲ್ಲಿನ ಕರೆಂಟಿನ ಅಂಕಿ. ಅದನ್ನು ಬದಲಾಯಿಸದೆ ಬಳಸಿದರೆ ನಮ್ಮ ಪಂಪು, ಬ್ಲೋವರ್ ಎಲ್ಲ ಸುಮ್ನೆ ಒಳ್ಳೆಯವರಾಗಿ ಕಾಣುತ್ತವೆ.

ಅಗೆದು ದೂರಕ್ಕೆ ಸಾಗಿಸುವುದು

ಮಾಲೀಕರ ಇಷ್ಟದ ದಾರಿ. ಅಪಾಯಕಾರಿ ತ್ಯಾಜ್ಯ ಹೂಳುವ ಘಟಕ ಬೆಂಗಳೂರು ಹತ್ತಿರದ ದಾಬಸ್‌ಪೇಟೆಯಲ್ಲಿದೆ, ಕಲಬುರಗಿಯಿಂದ ಒಂದು ಕಡೆಗೆ 550 ಕಿಲೋಮೀಟರ್ ಅಂತ ಹಿಡಿಯೋಣ. ಟಿಪ್ಪರ್‌ಗೆ 20 ಟನ್ ಹಾಕಿದರೆ 50 ಟ್ರಿಪ್. ಲಾರಿ ಖಾಲಿಯಾಗಿ ವಾಪಸ್ ಬರಬೇಕು, ಇದನ್ನು ಬಿಡುವವರೇ ಜಾಸ್ತಿ. ಹೋಗಿ ಬಂದು 1,100 ಕಿಲೋಮೀಟರ್, 50 ಟ್ರಿಪ್‌ಗೆ 55,000 ಕಿಲೋಮೀಟರ್. ಲೀಟರಿಗೆ ಸರಾಸರಿ ಮೂರೂವರೆ ಕಿಲೋಮೀಟರ್ ಅಂದರೆ 15,700 ಲೀಟರ್ ಡೀಸೆಲ್. ಹೊಗೆ 42 ಟನ್.

ಒಂದು ಕ್ಷಣ ನಿಂತು ನೋಡಿ. ನೆಲದಲ್ಲಿರುವುದು 5 ಟನ್ ಡೀಸೆಲ್, ಅದನ್ನು ತೆಗೆಯಲು ಸುಡುವುದು 13 ಟನ್ ಡೀಸೆಲ್! ಗುಡ್ಡ ಅಗೆದು ಇಲಿ ಹಿಡಿದರು ಅಂತಾರಲ್ಲ, ಹಾಗೆ.

ಇದರ ಪಕ್ಕದಲ್ಲಿ ಅಗೆಯುವ ಕೆಲಸ ಏನೂ ಅಲ್ಲ. ಜೆಸಿಬಿ 50 ತಾಸು ಓಡಿದರೆ 300 ಲೀಟರ್, ಹೊಗೆ 0.8 ಟನ್. ಗುಂಡಿ ತುಂಬಲು 20 ಕಿಲೋಮೀಟರ್ ದೂರದಿಂದ ಮುರುಮ್ ತಂದರೆ 1.5 ಟನ್. ಒಟ್ಟು 44 ಟನ್. ಯಾವ ಜೆಸಿಬಿ ಮೈಲೇಜ್ ಚೆನ್ನಾಗಿದೆ ಅಂತ ಮೀಟಿಂಗ್‌ನಲ್ಲಿ ಅರ್ಧ ತಾಸು ಚರ್ಚೆ ಮಾಡುವವರನ್ನು ನೋಡಿದ್ದೇನೆ. ದೂರದ ಬಗ್ಗೆ ಅಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಬೀದರಿನವರ ಲೆಕ್ಕ ಬೇರೆ. ಅವರಿಗೆ ಹೈದರಾಬಾದ್ ಬದಿಯ ಘಟಕ 150 ಕಿಲೋಮೀಟರ್ ಒಳಗೇ ಸಿಗುತ್ತದೆ, ಲಾರಿಯ ಹೊಗೆ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಆದರೆ ಹೂಳುವುದಕ್ಕಾಗಿ ರಾಜ್ಯದ ಗಡಿ ದಾಟಿಸಲು ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಬೇಕು. ಆ ಕಾಗದಕ್ಕೆ ಓಡಾಡುವ ತಿಂಗಳುಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹತ್ತಿರದ ಸಿಮೆಂಟ್ ಫ್ಯಾಕ್ಟರಿಯ ಗೂಡು

ನಮ್ಮ ಜಿಲ್ಲೆಯವರಿಗೆ ಇರುವ ಒಂದು ಅನುಕೂಲ ಇದು. ಸೇಡಂ, ವಾಡಿ, ಚಿತ್ತಾಪುರ ಕಡೆ ಸುಣ್ಣದಕಲ್ಲು ಇದೆ, ಹಾಗಾಗಿ ಸಿಮೆಂಟ್ ಫ್ಯಾಕ್ಟರಿಗಳೂ ಇವೆ. ಗೂಡಿನೊಳಗೆ 1,450 ಡಿಗ್ರಿ ತನಕ ಶಾಖ. ಎಣ್ಣೆ ಪೂರ್ತಿ ಉರಿದು ಹೋಗುತ್ತದೆ, ಮಣ್ಣು ಕ್ಲಿಂಕರ್‌ನೊಳಗೆ (ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಸೇರಿಕೊಳ್ಳುತ್ತದೆ. ಸೇಡಂ 55 ಕಿಲೋಮೀಟರ್ ಅಂತ ಹಿಡಿದರೆ 50 ಟ್ರಿಪ್‌ಗೆ ಹೊಗೆ ಬರೀ 4.2 ಟನ್.

ಇಷ್ಟಕ್ಕೇ "ಇದೇ ಬೆಸ್ಟ್" ಅಂತ ಬರೆದು ಮುಗಿಸಿದ ಒಂದು ವರದಿ ನನ್ನ ಕೈಗೆ ಬಂದಿತ್ತು. ಅವರು ಮರೆತದ್ದು ನೀರು. 1,000 ಟನ್ ಮಣ್ಣಿನಲ್ಲಿ 200 ಟನ್ ನೀರಿದೆ. ಅದನ್ನು ಕಾಯಿಸಿ, ಆವಿ ಮಾಡಿ, ಆ ಆವಿಯನ್ನೂ ಬಿಸಿ ಮಾಡಿ ಚಿಮಣಿ ಕಡೆ ಕಳಿಸಲು ಕಿಲೋಗೆ ಸುಮಾರು 3 ಮೆಗಾಜೂಲ್ ಬೇಕು. ಒಟ್ಟು 600 ಗಿಗಾಜೂಲ್. ಅಷ್ಟನ್ನೂ ಕಲ್ಲಿದ್ದಲು ಕೊಡಬೇಕು, ಹೊಗೆ 57 ಟನ್. ಅಂದರೆ 55 ಕಿಲೋಮೀಟರ್ ದೂರದ ಗೂಡು 550 ಕಿಲೋಮೀಟರ್ ದೂರದ ಗುಂಡಿಗಿಂತ ಜಾಸ್ತಿ ಹೊಗೆ ಕೊಡುತ್ತದೆ. ಮೊದಲ ಸಲ ಈ ಉತ್ತರ ಬಂದಾಗ ನಾನೇ ನಂಬದೆ ಎರಡು ಸಲ ಗುಣಿಸಿ ನೋಡಿದೆ.

ಮಣ್ಣಿನಲ್ಲಿರುವ ಎಣ್ಣೆಯ ಲೆಕ್ಕವೂ ಇದೆ, ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ. 5 ಟನ್ ಡೀಸೆಲ್ ಎಲ್ಲಿ ಉರಿದರೂ, ಯಾವ ಕ್ರಿಮಿ ತಿಂದರೂ, ಕೊನೆಗೆ ಸುಮಾರು 16 ಟನ್ ಹೊಗೆಯಾಗುತ್ತದೆ. ಹೂಳಿದರೆ ಮಾತ್ರ ಸದ್ಯಕ್ಕೆ ಅಲ್ಲೇ ಕೂತಿರುತ್ತದೆ. ಗೂಡಿನಲ್ಲಿ ಉರಿದರೆ 16 ಟನ್ ಬರುತ್ತದೆ ನಿಜ, ಜೊತೆಗೆ ಅಷ್ಟೇ ಶಾಖ ಕೊಡಬೇಕಿದ್ದ ಕಲ್ಲಿದ್ದಲು ಉಳಿಯುತ್ತದೆ, ಆ ಉಳಿತಾಯ 20 ಟನ್. ಅಗೆಯುವುದು, ಗುಂಡಿ ತುಂಬುವುದನ್ನೂ ಸೇರಿಸಿ ಹೀಗೆ ಕೂಡಿ ಕಳೆದರೆ ಹಸಿ ಮಣ್ಣನ್ನು ಗೂಡಿಗೆ ಕಳಿಸಿದಾಗ ಒಟ್ಟು 60 ಟನ್.

ಈಗ ಅದೇ ಮಣ್ಣನ್ನು ಮೊದಲು ಒಣಗಿಸಿ ನೋಡೋಣ. ತೇವ 20ರಿಂದ 10 ಪರ್ಸೆಂಟ್‌ಗೆ ಇಳಿದರೆ ನೀರು 200 ಟನ್‌ನಿಂದ 89 ಟನ್‌ಗೆ ಬರುತ್ತದೆ, ಅರ್ಧಕ್ಕಿಂತ ಕಮ್ಮಿ. ಟ್ರಿಪ್ಪೂ 50ರಿಂದ 45 ಆಗುತ್ತದೆ. ಒಟ್ಟು ಹೊಗೆ 27 ಟನ್. 60 ಎಲ್ಲಿ, 27 ಎಲ್ಲಿ! ದಾರಿ ಅದೇ, ಗೂಡು ಅದೇ, ನಡುವೆ ಬಿದ್ದದ್ದು ನಮ್ಮ ಬಿಸಿಲು ಮಾತ್ರ. ಏಪ್ರಿಲ್-ಮೇನಲ್ಲಿ ಈ ಬಿಸಿಲಿಗೆ ಬೈಯದ ದಿನವಿಲ್ಲ, ಇಲ್ಲಿ ಮಾತ್ರ ಪುಕ್ಕಟೆ ಕೆಲಸ ಮಾಡಿಕೊಡುತ್ತದೆ.

ಹಾಗಂತ ಯಾವ ಮಣ್ಣನ್ನಾದರೂ ಬಿಸಿಲಿಗೆ ಹರವಬೇಡಿ. ಪೆಟ್ರೋಲ್, ಥಿನ್ನರ್, ಔಷಧ ಫ್ಯಾಕ್ಟರಿಯ ದ್ರಾವಕ ಬಿದ್ದ ಮಣ್ಣು ಒಣಗಿಸಿದರೆ ವಿಷ ಗಾಳಿಗೆ ಹೋಗುತ್ತದೆ, ಪಕ್ಕದ ಓಣಿಯವರ ಮೂಗಿಗೆ ಹೋಗುತ್ತದೆ. ಹಳೇ ಡೀಸೆಲ್ ಇದ್ದು, ಹಗುರ ಭಾಗ ಆಗಲೇ ಹಾರಿಹೋಗಿದೆ ಅಂತ ಲ್ಯಾಬ್ ಹೇಳಿದ ಮೇಲೆ, ಮಂಡಳಿ ಒಪ್ಪಿದ ಮೇಲೆ ಮಾತ್ರ. ಕೆಳಗೆ ದಪ್ಪ ಶೀಟ್ ಹಾಸಬೇಕು, ದೂಳು ಏಳದಂತೆ ನೋಡಿಕೊಳ್ಳಬೇಕು, ಜೂನ್ ಮೊದಲ ಮೋಡ ಕಂಡ ಕೂಡಲೇ ತಾಡಪತ್ರಿ ಎಳೆಯಬೇಕು. ಒಂದಡಿ ದಪ್ಪಕ್ಕೆ ಹರವಿದರೆ 600 ಘನ ಮೀಟರ್‌ಗೆ ಅರ್ಧ ಎಕರೆ ಬೇಕು, ಎಲ್ಲರ ಹತ್ತಿರ ಅಷ್ಟು ಜಾಗ ಇರುವುದಿಲ್ಲ. ಇನ್ನು ಕ್ಲೋರಿನ್ ಇರುವ ದ್ರಾವಕ ಅಥವಾ ಪಾದರಸ ಇದ್ದರೆ ಗೂಡಿನವರು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು.

ಜಾಗದಲ್ಲೇ ಕಾಯಿಸುವ ಮಷೀನ್

ಬೇಗ ಮುಗಿಯುತ್ತದೆ, ನೋಡಲೂ ಭಾರಿ ಕಾಣಿಸುತ್ತದೆ, ಮಾರುವವರ ಬ್ರೋಷರ್ ಅಂತೂ ಇನ್ನೂ ಭಾರಿ. ಮಣ್ಣನ್ನು 400 ಡಿಗ್ರಿಗೆ ಕಾಯಿಸಿ ಎಣ್ಣೆ ಹಾರಿಸುತ್ತಾರೆ. ಒಂದು ಟನ್ ಹಸಿ ಮಣ್ಣಿನಲ್ಲಿ ಒಣ ಭಾಗ 800 ಕಿಲೋ. ಅದನ್ನು ಕಾಯಿಸಲು 270 ಮೆಗಾಜೂಲ್ ಸಾಕು, ಉಳಿದ 200 ಕಿಲೋ ನೀರಿಗೆ 635 ಬೇಕು. ಅಂದರೆ ಮಷೀನ್ ಮುಖ್ಯವಾಗಿ ಮಾಡುವುದು ನೀರು ಕುದಿಸುವ ಕೆಲಸ. ಶಾಖದಲ್ಲಿ 60 ಪರ್ಸೆಂಟ್ ಮಾತ್ರ ಕೆಲಸಕ್ಕೆ ಬಂತು ಅಂತ ಹಿಡಿದರೆ ಟನ್ನಿಗೆ 42 ಲೀಟರ್ ಡೀಸೆಲ್, 112 ಕಿಲೋ ಹೊಗೆ. ಎಣ್ಣೆಯದ್ದೂ ಅಗೆಯುವುದರದ್ದೂ ಸೇರಿ ನಮ್ಮ ಪ್ಲಾಟಿಗೆ 129 ಟನ್. ಮೊದಲೇ ಒಣಗಿಸಿದರೆ 85. ನನ್ನ ಪ್ರಕಾರ ಇಂಥ ಸಾದಾ ಡೀಸೆಲ್ ಮಣ್ಣಿಗೆ ಇದು ಬೇಡ. ಬೇರೆ ಯಾವುದಕ್ಕೂ ಬಗ್ಗದ ವಿಷ ಇದ್ದಾಗ, ದಿನಗಳು ಕಮ್ಮಿ ಇದ್ದಾಗ ಯೋಚಿಸಬಹುದು.

ಕ್ರಿಮಿಗಳಿಗೆ ತಿನ್ನಿಸುವುದು

ಮಣ್ಣನ್ನು ಅಲ್ಲೇ ರಾಶಿ ಹಾಕಿ, ತೇವ, ಗಾಳಿ, ಗೊಬ್ಬರ ಕೊಟ್ಟರೆ ಅದರಲ್ಲೇ ಇರುವ ಬ್ಯಾಕ್ಟೀರಿಯಾ ಡೀಸೆಲ್ ತಿನ್ನುತ್ತವೆ. ನಮ್ಮ ಕಡೆಯ ಬೆಚ್ಚನೆ ಹವೆ ಅವಕ್ಕೆ ಹೇಳಿ ಮಾಡಿಸಿದ್ದು. ತೊಂದರೆ ಇರುವುದು ಎರೆಮಣ್ಣಿನಲ್ಲಿ. ನೀರು ಬಿದ್ದರೆ ಅದು ಕಣಕದ ಹಾಗೆ ಅಂಟಿಕೊಳ್ಳುತ್ತದೆ, ಗಾಳಿ ಒಳಗೆ ಹೋಗುವುದೇ ಇಲ್ಲ. ಗಾಳಿ ಇಲ್ಲದೆ ಕೊಳೆತರೆ ಮೀಥೇನ್, ಅದು ಕಾರ್ಬನ್ ಡೈ ಆಕ್ಸೈಡ್‌ಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆ. ಅದಕ್ಕೆ ಪುಡಿ ಮಾಡಿದ ತೊಗರಿ ಕಟ್ಟಿಗೆ ಬೆರೆಸಬೇಕು. ತೊಗರಿ ಬೆಳೆಯುವ ಊರಲ್ಲಿ ಅದಕ್ಕೇನು ಬರ? ಬೀದರ್ ಕಡೆಯವರಾದರೆ ಸಕ್ಕರೆ ಫ್ಯಾಕ್ಟರಿಯ ಕಬ್ಬಿನ ಸಿಪ್ಪೆ.

ಲೆಕ್ಕ: ಹದಿನೈದು ದಿನಕ್ಕೊಮ್ಮೆ ಟ್ರ್ಯಾಕ್ಟರ್‌ನಿಂದ ತಿರುವಿದರೆ ಎಂಟು ತಿಂಗಳಿಗೆ 320 ಲೀಟರ್, ಹೊಗೆ 0.9 ಟನ್. ಅಗೆಯಲು 0.8. ಗೊಬ್ಬರದ್ದು ಸ್ವಲ್ಪ ಬಿಡಿಸಿ ಹೇಳಬೇಕು. 5 ಟನ್ ಡೀಸೆಲ್‌ನಲ್ಲಿ 4.3 ಟನ್ ಕಾರ್ಬನ್ ಇದೆ, ಅದರ ಹತ್ತನೇ ಒಂದು ಭಾಗ ಸಾರಜನಕ ಕೊಡುವುದಾದರೆ 430 ಕಿಲೋ. ಅಂದರೆ 45 ಕಿಲೋ ತೂಕದ ಯೂರಿಯಾ ಚೀಲ 21. ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಆ ಅನಿಲದ ಶಕ್ತಿ 273 ಪಟ್ಟು, ಹಾಗಾಗಿ 7 ಕಿಲೋ ಅನಿಲವೂ 1.8 ಟನ್ ಆಗಿ ಕೂರುತ್ತದೆ. ಯೂರಿಯಾ ಕರಗಿದಾಗ ಬರುವುದು 0.7. ಎಲ್ಲ ಸೇರಿ 4.2 ಟನ್, ಅದರ ಮೇಲೆ ಎಣ್ಣೆಯ 16. ಒಟ್ಟು 20 ಟನ್. ಟ್ರ್ಯಾಕ್ಟರ್ ಬದಲು 2 ಕಿಲೋವ್ಯಾಟ್ ಬ್ಲೋವರನ್ನು ಹಗಲು ರಾತ್ರಿ ಓಡಿಸಿದರೆ ಅದೊಂದೇ 8 ಟನ್ ತಿನ್ನುತ್ತದೆ, ಟೈಮರ್ ಹಾಕಿ ಬಿಟ್ಟು ಬಿಟ್ಟು ಓಡಿಸಿ.

ಎಲ್ಲಕ್ಕಿಂತ ಕಮ್ಮಿ ಇದೇ. ಆದರೆ ಎಂಟು ತಿಂಗಳು ಅಂದದ್ದು ಹನ್ನೆರಡಾಗಬಹುದು. ಇಂಜಿನ್ ಆಯಿಲ್, ಡಾಂಬರಿನಂಥ ಭಾರದ ಎಣ್ಣೆಯನ್ನು ಕ್ರಿಮಿಗಳು ಬೇಗ ಮುಟ್ಟುವುದಿಲ್ಲ. ಕೊನೆಗೆ ಪರೀಕ್ಷೆಯಲ್ಲಿ ಫೇಲಾದರೆ ಅದೇ ಮಣ್ಣು ಲಾರಿ ಹತ್ತಬೇಕು, ಎರಡೂ ದಾರಿಯ ಹೊಗೆ ನಿಮ್ಮ ತಲೆಗೆ. ನಾನು ಅದನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ. ನಾಲ್ಕರಲ್ಲಿ ಒಂದು ಸಲ ಫೇಲಾಗಬಹುದು ಅನಿಸಿದರೆ 44ರ ಕಾಲು ಭಾಗ, 11 ಟನ್ ಕೂಡಿಸುತ್ತೇನೆ. ಆಗ 31. ಒಣಗಿಸಿ ಗೂಡಿಗೆ ಕಳಿಸುವ 27 ಈಗ ಮುಂದೆ ಬಂತು ನೋಡಿ. ಹಾಗಾಗಿ ರಾಶಿ ಹಾಕುವ ಮೊದಲು ಒಂದೆರಡು ಬಕೆಟ್ ಮಣ್ಣಿನಲ್ಲಿ ಆರು ವಾರ ಪ್ರಯೋಗ ಮಾಡಿ. ಅದಕ್ಕೆ ಆಗುವ ಖರ್ಚು ಒಂದು ಟಿಪ್ಪರ್ ಟ್ರಿಪ್‌ನಷ್ಟೂ ಇಲ್ಲ.

ಡೀಸೆಲ್ ಅಲ್ಲದಿದ್ದರೆ

ಸೀಸ, ಕ್ರೋಮಿಯಂನಂಥ ಲೋಹ ಇದ್ದರೆ ಕ್ರಿಮಿ ತಿನ್ನುವುದಿಲ್ಲ, ಬೆಂಕಿಗೂ ಹೋಗುವುದಿಲ್ಲ. ಆಗ ಸಿಮೆಂಟ್ ಬೆರೆಸಿ ಗಟ್ಟಿ ಮಾಡೋಣ ಅನ್ನುತ್ತಾರೆ. ಸಿಮೆಂಟ್ ನಮ್ಮೂರದ್ದೇ ಅಲ್ವಾ, ಏನು ಮಹಾ ಹೊಗೆ ಅಂತ ಅನಿಸುತ್ತದೆ. ಆದರೆ ಸಿಮೆಂಟಿನ ಹೊಗೆ ಲಾರಿಯಲ್ಲಿಲ್ಲ, ಸುಣ್ಣದಕಲ್ಲು ಸುಡುವುದರಲ್ಲಿದೆ. ಒಂದು ಟನ್ ಶುದ್ಧ ಸುಣ್ಣದಕಲ್ಲು ಸುಟ್ಟರೆ ಕಲ್ಲಿನೊಳಗಿಂದಲೇ 440 ಕಿಲೋ ಹೊರಗೆ ಬರುತ್ತದೆ, ಕಲ್ಲಿದ್ದಲಿನದ್ದು ಬೇರೆ. 1,000 ಟನ್ ಮಣ್ಣಿಗೆ ಹತ್ತು ಪರ್ಸೆಂಟ್ ಅಂದರೆ 100 ಟನ್ ಸಿಮೆಂಟ್. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೂ 60 ಟನ್ ಹೊಗೆ. ದಾಬಸ್‌ಪೇಟೆಗೆ ಲಾರಿ ಕಳಿಸುವುದಕ್ಕಿಂತ ಜಾಸ್ತಿ! ಐದು ಪರ್ಸೆಂಟ್ ಸಾಕಾಗುತ್ತದಾ ಅಂತ ಲ್ಯಾಬಿನಲ್ಲಿ ಮೊದಲೇ ನೋಡಿಸಿ.

ನೀರು ಕೆಟ್ಟಿದ್ದರೆ ಪಂಪ್ ಮಾಡಿ ಶುದ್ಧ ಮಾಡುವ ದಾರಿ ಇದೆ. ಎರಡು ಎಚ್‌ಪಿ ಪಂಪು ನಿಲ್ಲದೆ ಓಡಿದರೆ ವರ್ಷಕ್ಕೆ ಒಂಬತ್ತೂವರೆ ಟನ್. ಸಣ್ಣದು ಅನಿಸುತ್ತದೆ, ಆದರೆ ಇಂಥ ಪಂಪುಗಳು ಹತ್ತು ವರ್ಷ ಓಡುತ್ತವೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ಬಹಮನಿಗಳು ನೌಬಾದ್ ಕಡೆ ಸುರಂಗ ಬಾವಿ ಕೊರೆಸಿದ್ದು ಅಂಥ ನೆಲದಲ್ಲೇ. ಒಳ್ಳೆಯ ನೀರು ಹರಿಯುವ ದಾರಿಯಲ್ಲೇ ಕೆಟ್ಟದ್ದೂ ಹರಿಯುತ್ತದೆ. ಅಲ್ಲಿ ಮಣ್ಣಿನಲ್ಲಿರುವಾಗಲೇ ತೆಗೆಯುವುದು ಹೊಗೆಯ ಲೆಕ್ಕದಲ್ಲೂ ಅಗ್ಗ.

ಕೊನೆಗೆ ನಮ್ಮ ಪ್ಲಾಟು

ಅಂಕಿಗಳನ್ನು ಮಾಲೀಕರ ಮುಂದೆ ಇಟ್ಟೆ: ಕ್ರಿಮಿ 20, ಒಣಗಿಸಿ ಗೂಡು 27, ದಾಬಸ್‌ಪೇಟೆ 44, ಹಸಿಯಾಗಿ ಗೂಡು 60, ಕಾಯಿಸುವ ಮಷೀನ್ 85ರಿಂದ 129. ಒಂದೊಂದರಲ್ಲೂ ಇಪ್ಪತ್ತು-ಮೂವತ್ತು ಪರ್ಸೆಂಟ್ ಆಚೆ ಈಚೆ ಆಗಬಹುದು. 20 ಮತ್ತು 27ರ ನಡುವೆ ಹೊಗೆ ನೋಡಿ ತೀರ್ಮಾನ ಮಾಡಬೇಡಿ, ಸಮಯ, ಜಾಗ ನೋಡಿ ಮಾಡಿ. 27 ಮತ್ತು 129ರ ನಡುವೆ ಮಾತ್ರ ಯಾವ ಅನುಮಾನವೂ ಬೇಡ.

ಅವರು ಹಾಳೆ ನೋಡುತ್ತಾ ಕೂತು, ಆಮೇಲೆ ಕೇಳಿದರು: "ಈ 600 ಘನ ಮೀಟರ್ ಅಂತ ಹೇಳಿದ್ದು ಯಾರ್ರಿ?"

ಹೇಳಿದ್ದು ಜೆಸಿಬಿಯವನ ಮೂಗು ಮತ್ತು ನನ್ನ ಮೂಗು. ಸರಿಯಾದ ಪ್ರಶ್ನೆ, ನಾನು ಮೊದಲ ದಿನವೇ ಕೇಳಬೇಕಿತ್ತು. ಮತ್ತೆ ಹದಿನಾಲ್ಕು ಕಡೆ ತೂತು ಕೊರೆಸಿ ಲ್ಯಾಬಿಗೆ ಕಳಿಸಿದೆವು, ಇಡೀ ಕೆಲಸಕ್ಕೆ ನೂರು ಲೀಟರ್ ಡೀಸೆಲ್ ಕೂಡ ಆಗಲಿಲ್ಲ. ನಿಜವಾಗಿ ಕೆಟ್ಟದ್ದು 350 ಘನ ಮೀಟರ್, ಅಂದಾಜು 600 ಟನ್. ಉಳಿದದ್ದಕ್ಕೆ ವಾಸನೆ ಅಷ್ಟೇ. ಅದರಲ್ಲೂ ಟ್ಯಾಂಕಿನ ಕೆಳಗಿನ 200 ಟನ್‌ಗೆ ಮಾತ್ರ ಎಣ್ಣೆ ಜೋರಾಗಿ ಹಿಡಿದಿತ್ತು. ಆ 200 ಟನ್ ಒಣಗಿಸಿ ಸೇಡಂ ಕಡೆ, ಮಿಕ್ಕ 400 ಟನ್ ಪ್ಲಾಟಿನ ಮೂಲೆಯಲ್ಲಿ ತೊಗರಿ ಕಟ್ಟಿಗೆ ಜೊತೆ ರಾಶಿ. ಅಂದಾಜು ಹೊಗೆ 14 ಟನ್ ಒಳಗೆ. ಮಂಡಳಿಗೆ ಕೊಟ್ಟ ಅರ್ಜಿಯಲ್ಲಿ ಒಣಗಿಸುವ ಕೆಲಸವನ್ನು ಮಾರ್ಚ್‌ಗೆ ಹಾಕಿದ್ದೇವೆ. ತಾಡಪತ್ರಿ ಮಾತ್ರ ಈಗಲೇ ಬಂದು ಬಿದ್ದಿದೆ.